ಉಪದೇಶಿಗೆ ಪಾಠ ಹೇಳುವವರು ಯಾರು?

ಫಿಲಿಪ್ಪೀನ್ಸ್‌ನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ವಾರದ ಯಾವುದೋ ಒಂದು ಪೀರಿಯಡ್ಡಿಗೆ ಕ್ಲಾಸ್ ಟೀಚರ್ ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಯುತ್ತಾರೆ. ಬಾಗಿಲ ಬಳಿ ಕಾಯುತ್ತಿದ್ದ ಇನ್ನೊಬ್ಬ ಹೆಂಗಸು ಒಳಗೆ ಬರುತ್ತಾರೆ. ಹೆಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಬೈಬಲ್ಲು, ಸುರುಳಿ ಸುತ್ತಿದ ಕಂದು ಬಣ್ಣದ ಮನಿಲಾ ಪೇಪರ್. ಹಿಂದಿನ ರಾತ್ರಿ ಅಡುಗೆ ಮನೆ ಕೆಲಸ ಮುಗಿಸಿ, ಆ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಪಾಠ ಬರೆದು ತಂದಿರುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ, ಸರ್ಕಾರದ ಸಂಬಳದ ಪಟ್ಟಿಯಲ್ಲೂ ಇಲ್ಲ. ಅಲ್ಲಿನವರು ಅವರನ್ನು ಕತೆಕಿಸ್ತ ಎನ್ನುತ್ತಾರೆ. ನಮ್ಮ ಕಥೋಲಿಕರ ಮಾತಿನಲ್ಲಿ ಹೇಳುವುದಾದರೆ ಉಪದೇಶಿ.

ಆ ಒಂದು ಪೀರಿಯಡ್ಡಿಗೆ ದೇಶದ ಸಂವಿಧಾನದ ಒಪ್ಪಿಗೆ ಇದೆ. 1987ರ ಫಿಲಿಪ್ಪೀನ್ಸ್ ಸಂವಿಧಾನದ 14ನೇ ಪರಿಚ್ಛೇದ ಹೇಳುವುದು ಇಷ್ಟು: ತಂದೆತಾಯಿ ಅಥವಾ ಪೋಷಕರು ಬರಹದಲ್ಲಿ ಒಪ್ಪಿಗೆ ಕೊಟ್ಟರೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೂ ಪ್ರೌಢಶಾಲೆಗಳಲ್ಲೂ ಮಾಮೂಲಿ ತರಗತಿಯ ವೇಳೆಯಲ್ಲೇ ಮಕ್ಕಳಿಗೆ ಅವರ ಧರ್ಮವನ್ನು ಕಲಿಸಬಹುದು. ಕಲಿಸುವವರನ್ನು ಆಯಾ ಧರ್ಮದ ಹಿರಿಯರೇ ನೇಮಿಸಬೇಕು ಅಥವಾ ಒಪ್ಪಬೇಕು. ಸರ್ಕಾರಕ್ಕೆ ಅದರಿಂದ ಹೆಚ್ಚುವರಿ ಖರ್ಚು ಬರಬಾರದು. ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆಯನ್ನು ನಿಷೇಧಿಸಿದೆ. ಫಿಲಿಪ್ಪೀನ್ಸ್ ಬೇರೆ ದಾರಿ ಹಿಡಿದ ದೇಶ. ಯಾವುದು ಸರಿ ಎಂಬ ಚರ್ಚೆ ಈ ಲೇಖನದ್ದಲ್ಲ. ಬಾಗಿಲು ತೆರೆದಿಟ್ಟ ಮೇಲೆ ಒಳಗೆ ಹೋಗುವವರು ಯಾರು, ಅವರನ್ನು ತಯಾರು ಮಾಡುವವರು ಯಾರು ಎಂಬುದು ಇಲ್ಲಿನ ಮಾತು.

ಲೆಕ್ಕ ಹಾಕಿ ನೋಡಿ. 2020ರ ಜನಗಣತಿಯ ಪ್ರಕಾರ ಆ ದೇಶದ ಜನಸಂಖ್ಯೆ 10.9 ಕೋಟಿ. ಅದರಲ್ಲಿ ಶೇ 78.8ರಷ್ಟು ಜನ ರೋಮನ್ ಕಥೋಲಿಕರು. ಸರ್ಕಾರಿ ಶಾಲೆಗಳಲ್ಲಿ ಓದುವ ಮಕ್ಕಳೇ ಎರಡು ಕೋಟಿಗೂ ಹೆಚ್ಚು. ಏಷ್ಯಾದಲ್ಲೇ ಅತಿ ಹೆಚ್ಚು ಕಥೋಲಿಕರಿರುವ ದೇಶ ಇದು. ಆದರೂ ಅಲ್ಲಿನ ಬಹುಪಾಲು ಮಕ್ಕಳಿಗೆ ಕಾನ್ವೆಂಟ್ ಶಾಲೆ ಕೈಗೆಟುಕದ ಮಾತು. ಅವರಿಗೆ ಧರ್ಮದ ಬಗ್ಗೆ ಕ್ರಮವಾಗಿ ಯಾರಾದರೂ ಹೇಳಿಕೊಡುವುದಿದ್ದರೆ ಅದು ಈ ಬಟ್ಟೆಚೀಲದ ಉಪದೇಶಿ ಮಾತ್ರ. ಅವರು ಬಾರದಿದ್ದರೆ ಆ ಪೀರಿಯಡ್ಡು ಸುಮ್ಮನೆ ಕಳೆದುಹೋಗುತ್ತದೆ.

ಮರದ ಅಚ್ಚಿನ ಪುಸ್ತಕ

ಧರ್ಮೋಪದೇಶ ಆ ದ್ವೀಪಗಳಿಗೆ ಬಂದದ್ದು ಹಡಗು, ಕತ್ತಿಗಳ ಜೊತೆಯಲ್ಲಿ. 1521ರಲ್ಲಿ ಮೆಗೆಲನ್ ಸೆಬು ದ್ವೀಪಕ್ಕೆ ಬಂದಿಳಿದ. 1565ರಲ್ಲಿ ದಂಡಿನ ಮುಂದಾಳು ಲೆಗಾಸ್ಪಿ ಬಂದ ಮೇಲೆ ಸ್ಪೇನಿನ ಆಳ್ವಿಕೆ ಬೇರುಬಿಟ್ಟಿತು. ಅಗಸ್ಟಿನಿಯನ್, ಫ್ರಾನ್ಸಿಸ್ಕನ್, ಜೆಸ್ವಿತ್, ಡೊಮಿನಿಕನ್ ಪಾದ್ರಿಗಳು ಒಬ್ಬರ ಹಿಂದೆ ಒಬ್ಬರು ಬಂದರು. ಚದುರಿ ಬದುಕುತ್ತಿದ್ದ ಜನರನ್ನು ಚರ್ಚಿನ ಗಂಟೆಯ ಸದ್ದು ಕೇಳುವಷ್ಟು ಹತ್ತಿರಕ್ಕೆ ತಂದು ಊರು ಕಟ್ಟಿಸಿದರು. ದೂರದ ಹಾಡಿಗಳಿಗೆ 'ವಿಸಿತಾ' ಎಂಬ ಸಣ್ಣ ಪ್ರಾರ್ಥನಾ ಮಂದಿರಗಳು. ಪಾದ್ರಿ ಅಲ್ಲಿಗೆ ಬರುವುದು ಅಪರೂಪ. ನಡುವಿನ ದಿನಗಳಲ್ಲಿ ಮಕ್ಕಳನ್ನು ಕೂರಿಸಿ ಜಪ, ವಿಶ್ವಾಸ ಸಂಗ್ರಹ ಬಾಯಿಪಾಠ ಮಾಡಿಸುತ್ತಿದ್ದವರು ಅದೇ ಊರಿನ ಜನ. ಇವರೇ ಅಲ್ಲಿನ ಮೊದಲ ಉಪದೇಶಿಗಳು.

ಅವರ ಕೈಗೆ ಬಂದ ಪುಸ್ತಕ 1593ರಲ್ಲಿ ಮನಿಲಾದಲ್ಲಿ ಅಚ್ಚಾದ 'ಡಾಕ್ಟ್ರಿನಾ ಕ್ರಿಸ್ತಿಯಾನಾ'. ಆ ದೇಶದ ಮೊದಲ ಮುದ್ರಿತ ಪುಸ್ತಕಗಳಲ್ಲಿ ಒಂದು. ಮರದ ಹಲಗೆ ಕೆತ್ತಿ ಅಚ್ಚು ಹಾಕಿದ್ದು. ಸ್ಪ್ಯಾನಿಷ್ ಜೊತೆಗೆ ತಗಲೋಗ್ ಭಾಷೆ. ತಗಲೋಗನ್ನು ರೋಮನ್ ಅಕ್ಷರದಲ್ಲೂ, ಅಲ್ಲಿನದೇ ಆದ ಬೈಬಾಯಿನ್ ಲಿಪಿಯಲ್ಲೂ ಕೊಟ್ಟಿದ್ದಾರೆ. ಬೈಬಾಯಿನ್ ನಮ್ಮ ಕನ್ನಡ ಲಿಪಿಯಂತೆಯೇ ಬ್ರಾಹ್ಮಿಯ ಕುಟುಂಬಕ್ಕೆ ಸೇರಿದ್ದು. ವ್ಯಂಜನದ ಮೇಲೆ ಒಂದು ಗುರುತು, ಕೆಳಗೆ ಒಂದು ಗುರುತು ಇಟ್ಟು ಸ್ವರ ಬದಲಿಸುತ್ತಾರೆ. ಕಾಗುಣಿತ ಕಲಿತ ನಮಗೆ ಅದರ ನಡೆ ತಕ್ಷಣ ಹಿಡಿದೀತು. ಆ ಪುಸ್ತಕದ ಉಳಿದ ಒಂದೇ ಪ್ರತಿ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ.

ಇಂಥದೇ ಒಂದು ಪುಸ್ತಕ ನಮ್ಮ ಮಗ್ಗುಲಲ್ಲೂ ಹುಟ್ಟಿದೆ. ಇಂಗ್ಲಿಷ್ ಜೆಸ್ವಿತ್ ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಬರೆದ ಧರ್ಮೋಪದೇಶದ ಪುಸ್ತಕ 1622ರಲ್ಲಿ ಗೋವಾದ ರಾಚೋಲಿನಲ್ಲಿ ಅಚ್ಚಾಯಿತು. ಇವತ್ತಿಗೂ ಮಂಗಳೂರಿನ ಕೊಂಕಣಿ ಕಥೋಲಿಕರು ಭಾನುವಾರದ ಧರ್ಮೋಪದೇಶದ ಕ್ಲಾಸಿಗೆ 'ದೊತೊರ್ನ್' ಎನ್ನುತ್ತಾರೆ. ಮನಿಲಾದ 'ಡಾಕ್ಟ್ರಿನಾ'ಕ್ಕೂ ಮಂಗಳೂರಿನ 'ದೊತೊರ್ನ್'ಗೂ ಬೇರು ಒಂದೇ. ಕಲಿಸಿದ ರೀತಿಯೂ ಒಂದೇ: ಪ್ರಶ್ನೆ ಕೇಳು, ಉತ್ತರ ಒಪ್ಪಿಸು, ತಪ್ಪಿದರೆ ಇನ್ನೊಮ್ಮೆ ಹೇಳು.

ಬಾಯಿಪಾಠವನ್ನು ಹಳಿಯಲು ನನಗೆ ಮನಸ್ಸಿಲ್ಲ. ಅಕ್ಷರ ಬಾರದ ಅಜ್ಜಿಯರು ಜಪಸರ ಹಿಡಿದು ಒಂದು ಮನೆತನದ ನಂಬಿಕೆಯನ್ನು ಮೂರು ತಲೆಮಾರು ದಾಟಿಸಿದ್ದು ಬಾಯಿಪಾಠದ ಬಲದಿಂದಲೇ. ಆದರೆ ಹದಿಮೂರು ವರ್ಷದ ಹುಡುಗ 'ಒಳ್ಳೆಯ ದೇವರಿದ್ದರೆ ನಮ್ಮೂರಿಗೆ ಚಂಡಮಾರುತ ಯಾಕೆ ಬಂತು?' ಎಂದು ಕೇಳಿದಾಗ ಬಾಯಿಪಾಠದಲ್ಲಿ ಉತ್ತರವಿರುವುದಿಲ್ಲ. 2013ರ ನವೆಂಬರಿನಲ್ಲಿ ಹೈಯಾನ್ ಚಂಡಮಾರುತ ತಕ್ಲೋಬನ್ ನಗರವನ್ನು ನೆಲಸಮ ಮಾಡಿತು. ಸತ್ತವರ ಸಂಖ್ಯೆ ಆರು ಸಾವಿರ ದಾಟಿತು. ಆಮೇಲೆ ಅಲ್ಲಿನ ತರಗತಿಗಳಿಗೆ ಹೋದ ಉಪದೇಶಿಯ ಎದುರು ಕುಳಿತ ಮಕ್ಕಳಲ್ಲಿ ಮನೆಯವರನ್ನು ಕಳೆದುಕೊಂಡವರಿದ್ದರು. ಅವರಿಗೆ ಏನು ಹೇಳಬೇಕು, ಎಲ್ಲಿ ಮಾತು ನಿಲ್ಲಿಸಿ ಸುಮ್ಮನೆ ಪಕ್ಕದಲ್ಲಿ ಕೂರಬೇಕು ಎಂಬುದು ಪುಸ್ತಕ ಓದಿ ಬರುವ ತಿಳಿವಲ್ಲ. ತರಬೇತಿ ಬೇಕು ಎಂದು ನಾನು ಹೇಳುತ್ತಿರುವುದು ಇದಕ್ಕಾಗಿ.

ಹದಿಹರೆಯದ ಸಂತ, ಅಮೆರಿಕನ್ನರ ಕಾಯಿದೆ

ಫಿಲಿಪ್ಪೀನ್ಸ್‌ಗೆ ಇಬ್ಬರು ಸಂತರು. ಒಬ್ಬರು ಲೊರೆಂಜೊ ರೂಯಿಸ್. ಇನ್ನೊಬ್ಬರು ಪೆದ್ರೊ ಕಾಲುಂಗ್ಸೋದ್, ವಿಸಾಯಾಸ್ ದ್ವೀಪಗಳ ಕಡೆಯ ಹುಡುಗ, ಉಪದೇಶಿ. 1668ರಲ್ಲಿ ಜೆಸ್ವಿತ್ ಪಾದ್ರಿ ದಿಯೇಗೊ ದೆ ಸಾನ್ ವಿತೋರೆಸ್ ಅವರ ತಂಡದೊಂದಿಗೆ ಮರಿಯಾನಾ ದ್ವೀಪಗಳಿಗೆ ಹೋದವರು. ದೀಕ್ಷಾಸ್ನಾನದ ನೀರಿನಲ್ಲಿ ವಿಷವಿದೆ ಎಂಬ ಗಾಳಿಮಾತು ಅಲ್ಲಿ ಹಬ್ಬಿತ್ತು. 1672ರ ಏಪ್ರಿಲ್ 2ರಂದು ಗುವಾಮಿನ ತುಮೋನ್‌ನಲ್ಲಿ ಒಂದು ಹಸುಗೂಸಿಗೆ ದೀಕ್ಷಾಸ್ನಾನ ಕೊಟ್ಟದ್ದಕ್ಕೆ ಇಬ್ಬರನ್ನೂ ಈಟಿಯಿಂದ ತಿವಿದು ಕೊಂದರು. ದೇಹಗಳನ್ನು ಸಮುದ್ರಕ್ಕೆ ಎಸೆದರು. ಹುಡುಗನಿಗೆ ಆಗ ಹೆಚ್ಚೆಂದರೆ ಹದಿನೇಳು, ಹದಿನೆಂಟು ವಯಸ್ಸು. ಗುವಾಮಿನ ಚಮೊರೊ ಜನರಿಗೆ ಆ ಕಾಲ ಸ್ಪೇನಿನ ಬಂದೂಕು ತಮ್ಮ ನೆಲಕ್ಕೆ ಇಳಿದ ಕಾಲವೂ ಹೌದು. ಅವರ ನೋವನ್ನು ಬಿಟ್ಟು ಈ ಕಥೆ ಹೇಳಿದರೆ ಅದು ಅರ್ಧ ಕಥೆ. 2012ರ ಅಕ್ಟೋಬರ್ 21ರಂದು ಪೋಪ್ ಹದಿನಾರನೇ ಬೆನೆಡಿಕ್ಟ್ ಪೆದ್ರೊನನ್ನು ಸಂತರೆಂದು ಘೋಷಿಸಿದರು. ಚಿತ್ರಗಳಲ್ಲಿ ಆತನ ಕೈಯಲ್ಲಿ ಹುತಾತ್ಮರ ತಾಳೆಗರಿ, ಎದೆಗೆ ಒತ್ತಿ ಹಿಡಿದ ಧರ್ಮೋಪದೇಶದ ಪುಸ್ತಕ.

ಸ್ಪೇನಿನವರ ಕಾಲದ ಶಾಲೆಗಳಲ್ಲಿ ಧರ್ಮೋಪದೇಶವೂ ಒಂದು ಪಾಠವಾಗಿತ್ತು. ಊರಿನ ಪಾದ್ರಿಯೇ ಶಾಲೆಯ ಮೇಲ್ವಿಚಾರಕ. 1898ರಲ್ಲಿ ದ್ವೀಪಗಳು ಅಮೆರಿಕನ್ನರ ಕೈಗೆ ಹೋದವು, ಎಲ್ಲ ಬದಲಾಯಿತು. 1901ರ 74ನೇ ಕಾಯಿದೆ ಹೊಸ ಸರ್ಕಾರಿ ಶಾಲೆಗಳನ್ನು ಕಟ್ಟಿತು. ಶಾಲೆಯ ಮೇಷ್ಟ್ರು ಯಾವ ಧರ್ಮವನ್ನೂ ಬೋಧಿಸಕೂಡದು, ಟೀಕಿಸಲೂ ಕೂಡದು. ಆದರೆ ತಂದೆತಾಯಿ ಬರೆದುಕೊಟ್ಟರೆ ಪಾದ್ರಿಯೋ ಅವರು ಕಳಿಸಿದವರೋ ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಶಾಲೆಯ ಕಟ್ಟಡದಲ್ಲೇ ಧರ್ಮ ಕಲಿಸಬಹುದು. ಇವತ್ತಿನ ಸಂವಿಧಾನದ ಸಾಲುಗಳಿಗೆ ಮೂಲ ಇಲ್ಲಿದೆ.

ಕಾಗದದ ಮೇಲೆ ಅನುಮತಿ ಇತ್ತು. ಹೋಗಲು ಜನ ಇರಲಿಲ್ಲ. ಸ್ಪೇನಿನ ಪಾದ್ರಿಗಳಲ್ಲಿ ಬಹಳ ಮಂದಿ ದೇಶ ಬಿಟ್ಟಿದ್ದರು, ಫಿಲಿಪ್ಪಿನೋ ಪಾದ್ರಿಗಳ ಸಂಖ್ಯೆ ಸಾಲುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಹೆಂಗಸರು. ಬತಂಗಾಸ್ ಪ್ರಾಂತ್ಯದ ಲಿಪಾದಲ್ಲಿ ಬಿಷಪ್ ಅಲ್ಫ್ರೆಡೊ ವೆರ್ಸೋಸಾ ಅವರು ಲೌರಾ ಮೆಂಡೋಜಾ ಎಂಬ ಮಹಿಳೆಯ ಜೊತೆಗೂಡಿ 1923ರಲ್ಲಿ ಕಟ್ಟಿದ ಸಿಸ್ಟರುಗಳ ಸಭೆಗೆ ಧರ್ಮೋಪದೇಶವೇ ಮುಖ್ಯ ಕಸುಬು. ಸಭೆಯ ಹೆಸರಿನಲ್ಲೇ ಉಪದೇಶಿ ಎಂಬ ಪದವಿದೆ. ಆಸ್ಪತ್ರೆ, ಕಾಲೇಜು ಕಟ್ಟುವುದಕ್ಕಿಂತ ಮೊದಲು ಹಳ್ಳಿಯ ಮಕ್ಕಳಿಗೆ ಪಾಠ ಹೇಳಬೇಕು ಎಂದುಕೊಂಡ ಅವರ ಆಯ್ಕೆ ಎಷ್ಟು ದೂರದೃಷ್ಟಿಯದು ಎಂದು ಈಗ ಅರಿವಾಗುತ್ತದೆ.

ಹೇಗೆ ಕಲಿಸಬೇಕು ಎಂಬ ಚಿಂತೆ

ಕಲಿಸುವವರಿಗೆ ಕಲಿಸುವ ಕೆಲಸ ಶಾಸ್ತ್ರವಾಗಿ ಬೆಳೆದದ್ದರಲ್ಲಿ ಮನಿಲಾಕ್ಕೆ ದೊಡ್ಡ ಪಾಲಿದೆ. ಆಸ್ಟ್ರಿಯಾದ ಜೆಸ್ವಿತ್ ಯೋಹಾನೆಸ್ ಹೋಫಿಂಗರ್ ಚೀನಾದಲ್ಲಿದ್ದವರು. ಕಮ್ಯುನಿಸ್ಟರು ಬಂದ ಮೇಲೆ ಮನಿಲಾಕ್ಕೆ ಬಂದರು, ಅಲ್ಲಿ ಕಟ್ಟಿದ ಸಂಸ್ಥೆ ಮುಂದೆ ಈಸ್ಟ್ ಏಷ್ಯನ್ ಪಾಸ್ಟೋರಲ್ ಇನ್‌ಸ್ಟಿಟ್ಯೂಟ್ ಆಯಿತು. ಇಂದಿಗೂ ಕೆಜಾನ್ ಸಿಟಿಯ ಅತೆನೆಯೊ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಹೋಫಿಂಗರ್ ಹೇಳಿದ್ದರ ತಿರುಳು ಸರಳ: ಧರ್ಮೋಪದೇಶವೆಂದರೆ ನಿಯಮಗಳ ಪಟ್ಟಿಯನ್ನು ತಲೆಗೆ ತುಂಬುವುದಲ್ಲ, ಒಂದು ಶುಭಸಮಾಚಾರವನ್ನು ಕೇಳುವವನ ಎದೆಗೆ ಮುಟ್ಟಿಸುವುದು. 1967ರಲ್ಲಿ ಧರ್ಮೋಪದೇಶದ ಅಂತರರಾಷ್ಟ್ರೀಯ ಅಧ್ಯಯನ ಸಪ್ತಾಹ ಮನಿಲಾದಲ್ಲೇ ನಡೆಯಿತು. ಅದೇ 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ಮುಂದಾಳುತನದಲ್ಲಿ ಭಾರತದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾ ಕೇಂದ್ರ, ಅಂದರೆ ಎನ್‌ಬಿಸಿಎಲ್‌ಸಿ, ಶುರುವಾಯಿತು. ಎರಡನೇ ವ್ಯಾಟಿಕನ್ ಸಮ್ಮೇಳನ ಮುಗಿದು ಎರಡೇ ವರ್ಷ ಆಗಿತ್ತು. ನಂಬಿಕೆ ಆಯಾ ನೆಲದ ಭಾಷೆಯಲ್ಲಿ ಮಾತಾಡಬೇಕು ಎಂಬ ತವಕ ಎರಡೂ ಕಡೆ ಒಂದೇ ಆಗಿತ್ತು.

ಆ ತವಕದಿಂದ ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿದ ಅತಿ ಒಳ್ಳೆಯ ಫಲವೆಂದರೆ 1997ರಲ್ಲಿ ಅಲ್ಲಿನ ಬಿಷಪರು ಹೊರತಂದ 'ಫಿಲಿಪ್ಪಿನೋ ಕಥೋಲಿಕರ ಧರ್ಮೋಪದೇಶ' ಗ್ರಂಥ. 1991ರಲ್ಲಿ ಮನಿಲಾದಲ್ಲಿ ನಡೆದ ಅಲ್ಲಿನ ಧರ್ಮಸಭೆಯ ಎರಡನೇ ಪ್ಲೀನರಿ ಕೌನ್ಸಿಲ್, ಬಡವರ ಧರ್ಮಸಭೆಯಾಗುತ್ತೇವೆ ಎಂದು ಹೇಳಿತ್ತು, ಧರ್ಮೋಪದೇಶವನ್ನು ಹೊಸದಾಗಿ ಕಟ್ಟಬೇಕೆಂದಿತ್ತು. ಗ್ರಂಥದ ಬರವಣಿಗೆಯ ಹಿಂದೆ ಜೆಸ್ವಿತ್ ಗುರು ಜೋಸೆಫ್ ರೋಷ್ ಅವರ ದುಡಿಮೆ ದೊಡ್ಡದು. ನನಗೆ ಈ ಪುಸ್ತಕದ ಮೊದಲ ಅಧ್ಯಾಯ ಬಹಳ ಇಷ್ಟ. ದೇವರು ಯಾರು ಎಂಬುದಕ್ಕಿಂತ ಮೊದಲು ಫಿಲಿಪ್ಪಿನೋ ಯಾರು ಎಂದು ಅದು ಕೇಳುತ್ತದೆ. ಐದು ಲಕ್ಷಣ ಗುರುತಿಸುತ್ತದೆ. ಮಗು–ಹೆತ್ತವರ ನಂಟಿನಲ್ಲಿ ಬದುಕುವವರು. ಅದರಿಂದ ದೇವರನ್ನು ತಂದೆ ಎನ್ನುವ ಯೇಸು ಅವರಿಗೆ ಹತ್ತಿರ. ಕೂಡಿ ಉಣ್ಣುವವರು, 'ಸಾಲುಸಾಲೊ' ಎಂಬ ಸಹಭೋಜನ ಅವರ ಬದುಕಿನ ನಡುವೆಯೇ ಇದೆ, ಹಾಗಾಗಿ ತನ್ನನ್ನೇ ರೊಟ್ಟಿಯಾಗಿ ಕೊಟ್ಟ ಯೇಸು ಅರ್ಥವಾಗುತ್ತಾನೆ. 'ಕುಂದಿಮಾನ್' ಎಂಬ ವಿರಹದ, ಪ್ರೀತಿಗಾಗಿ ನೋಯುವ ಹಾಡಿನ ಜನ. ನೋವುಂಡ ಸೇವಕನನ್ನು ಅವರು ಬಲ್ಲರು. 'ಬಯಾನಿ' ಅಂದರೆ ವೀರನನ್ನು ಮೆಚ್ಚುವವರು. ಕೊನೆಯದಾಗಿ, ಕಾಣದ ಶಕ್ತಿಗಳಲ್ಲಿ, ಆತ್ಮದಲ್ಲಿ ನಂಬಿಕೆ ಇರುವವರು.

ಇದು ಪುಸ್ತಕದಲ್ಲಿ ಚೆನ್ನಾಗಿದೆ. ಕ್ಲಾಸಿಗೆ ಇಳಿಸುವುದು ಹೇಗೆ? ಪರಮಪ್ರಸಾದದ ಪಾಠವನ್ನೇ ತೆಗೆದುಕೊಳ್ಳಿ. ಅನುಭವಿ ತರಬೇತುದಾರರು ಹೊಸ ಉಪದೇಶಿಗೆ ಹೇಳಿಕೊಡುವ ಕ್ರಮ ಊರ ಹಬ್ಬದಿಂದ ಶುರುವಾಗುತ್ತದೆ. ಹಬ್ಬದ ದಿನ ನಿಮ್ಮ ಮನೆಗೆ ಯಾರು ಯಾರು ಊಟಕ್ಕೆ ಬರುತ್ತಾರೆ? ಯಾರನ್ನು ಕರೆಯುವುದಿಲ್ಲ? ಯಾಕೆ? ಮಕ್ಕಳು ಮಾತಾಡುತ್ತಾರೆ. ಆಮೇಲೆ ಸುವಾರ್ತೆಯ ಒಂದು ಪ್ರಸಂಗ, ಆಮೇಲೆ ಧರ್ಮಸಭೆಯ ಬೋಧನೆ, ಕಡೆಗೆ ಈ ವಾರ ನೀನು ಏನು ಮಾಡುತ್ತೀ ಎಂಬ ಪ್ರಶ್ನೆ, ಒಂದು ಪ್ರಾರ್ಥನೆ ಅಥವಾ ಹಾಡು. ನಂಬುವುದು, ಬದುಕುವುದು, ಆರಾಧಿಸುವುದು ಮೂರೂ ಒಂದೇ ಪಾಠದಲ್ಲಿ ಹೆಣೆದಿರಬೇಕು. ನಲವತ್ತು ನಿಮಿಷ, ಐವತ್ತು ಮಕ್ಕಳು, ಪಕ್ಕದ ಕೋಣೆಯಲ್ಲಿ ಮಗ್ಗಿಯ ಗದ್ದಲ. ಇದು ಸುಲಭದ ಕೆಲಸ ಎನ್ನುವವರು ಒಮ್ಮೆ ಮಾಡಿ ನೋಡಬೇಕು.

ರಜೆಯಲ್ಲಿ ಕಲಿಯುವವರು

ಉಪದೇಶಿಗಳಲ್ಲಿ ಬಹುಪಾಲು ಗೃಹಿಣಿಯರು, ನಿವೃತ್ತ ಟೀಚರುಗಳು, ಚರ್ಚಿನ ಯುವಕ ಯುವತಿಯರು. ಅವರಿಗೆ ವರ್ಷಗಟ್ಟಲೆ ಓದುವ ಬಿಡುವಿಲ್ಲ. ಆದ್ದರಿಂದ ಧರ್ಮಪ್ರಾಂತ್ಯಗಳ ಧರ್ಮೋಪದೇಶ ಕೇಂದ್ರಗಳು ಮೊದಲಿನಿಂದಲೂ ಬೇಸಿಗೆಯನ್ನೇ ನೆಚ್ಚಿಕೊಂಡಿವೆ. ಬೈಬಲ್ಲು, ವಿಶ್ವಾಸ ಸಂಗ್ರಹ, ಹತ್ತು ಕಟ್ಟಳೆಗಳು, ಸಂಸ್ಕಾರಗಳು, ಸಾಮಾಜಿಕ ಬೋಧನೆ, ಮಕ್ಕಳ ಮನಸ್ಸು, ಪಾಠದ ಯೋಜನೆ. ಜೊತೆಗೆ 'ಡೆಮೊ ಟೀಚಿಂಗ್': ಸಹಪಾಠಿಗಳನ್ನೇ ಮಕ್ಕಳೆಂದುಕೊಂಡು ಪಾಠ ಮಾಡಿ ತೋರಿಸಬೇಕು, ಅವರು ತಿದ್ದಬೇಕು. ಮಧ್ಯಾಹ್ನದ ಮೆರಿಯೆಂಡಾ ತಿಂಡಿಯ ಹೊತ್ತಿನಲ್ಲಿ ಒಬ್ಬರ ಹಾಡು, ಆಟಗಳನ್ನು ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಹೆಚ್ಚಿನ ಓದಿಗೆ ನೊವಾಲಿಚೆಸ್‌ನ ಮದರ್ ಆಫ್ ಲೈಫ್ ಸೆಂಟರ್ ಥರದ ಕೇಂದ್ರಗಳಿವೆ. 1611ರಲ್ಲಿ ಶುರುವಾದ ಸಾಂತೊ ತೋಮಾಸ್, ಲಸಾಲ್ ಬ್ರದರುಗಳ ದೆ ಲಾ ಸಾಲ್ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಧರ್ಮಶಿಕ್ಷಣದ ಅಧ್ಯಯನವಿದೆ.

ತೊಡಕು ಭಾಷೆಯದು. ಫಿಲಿಪ್ಪೀನ್ಸ್‌ನಲ್ಲಿ ನೂರೈವತ್ತಕ್ಕೂ ಹೆಚ್ಚು ಭಾಷೆಗಳಿವೆ. 1997ರ ಗ್ರಂಥ ಬರೆದದ್ದು ಇಂಗ್ಲಿಷಿನಲ್ಲಿ, ಫಿಲಿಪ್ಪಿನೋ ಅನುವಾದ ಆಮೇಲೆ ಬಂತು. ತರಬೇತಿಯ ಟಿಪ್ಪಣಿ ಇಂಗ್ಲಿಷಿನಲ್ಲಿ, ಪಾಠ ಮಾಡಬೇಕಾದದ್ದು ಸೆಬುವಾನೊದಲ್ಲೋ ಇಲೊಕಾನೊದಲ್ಲೋ ವರಾಯ್‌ನಲ್ಲೋ. 1593ರ ಪಾದ್ರಿಗಳಿಗೂ ಇದೇ ಕಷ್ಟ: ದೇವರು, ಕೃಪೆ, ಧರ್ಮಸಭೆ ಎಂಬ ಮಾತುಗಳಿಗೆ ತಗಲೋಗ್ ಪದ ಹುಡುಕದೆ ಸ್ಪ್ಯಾನಿಷ್ ಪದಗಳನ್ನೇ ಉಳಿಸಿಬಿಟ್ಟರು. ನಾಲ್ಕು ಶತಮಾನಗಳ ನಂತರ ಹಳ್ಳಿಯ ಉಪದೇಶಿ ಒಬ್ಬಳೇ ರಾತ್ರಿ ಕೂತು ಮನಿಲಾ ಪೇಪರಿನ ಮೇಲೆ ಆ ಅನುವಾದವನ್ನು ಮಾಡುತ್ತಿದ್ದಾಳೆ. ತರಬೇತಿ ಅವಳ ಭಾಷೆಯಲ್ಲೇ ನಡೆಯಬೇಕು. ಇದಕ್ಕೆ ನೆಪ ಹೇಳುವ ಕಾಲ ಎಂದೋ ಮುಗಿದಿದೆ.

ಕಥೋಲಿಕ ಖಾಸಗಿ ಶಾಲೆಗಳ ಧರ್ಮಶಿಕ್ಷಕರ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ 'ಕ್ರಿಶ್ಚಿಯನ್ ಲಿವಿಂಗ್' ಎಂಬುದು ಅಂಕಗಳಿರುವ ವಿಷಯ. ಕಲಿಸುವವರಿಗೆ ಪದವಿ, ಸಂಬಳ ಎರಡೂ ಉಂಟು. ಆದರೆ ಸರ್ಕಾರಿ ಶಾಲೆಯ ಸಂಬಳ ಹೆಚ್ಚು. ಒಳ್ಳೆಯ ಶಿಕ್ಷಕರು ನಾಲ್ಕಾರು ವರ್ಷ ಪಳಗಿ ಆ ಕಡೆ ಹೋಗುತ್ತಾರೆ, ಅಲ್ಲಿ ಗಣಿತವನ್ನೋ ಇಂಗ್ಲಿಷನ್ನೋ ಕಲಿಸುತ್ತಾರೆ. ತಯಾರು ಮಾಡಿದ ಶ್ರಮವೆಲ್ಲ ಸೋರಿಹೋಗುತ್ತದೆ. ಸರ್ಕಾರ 2020ರ ಕಾಯಿದೆಯೊಂದರ ಮೂಲಕ ನೀತಿಶಿಕ್ಷಣವನ್ನು ಎಲ್ಲ ಶಾಲೆಗಳಿಗೂ ತಂದಿದೆ. ಒಳ್ಳೆಯದೇ, ಆದರೆ ಅದು ಧರ್ಮೋಪದೇಶದ ಜಾಗ ತುಂಬುವುದಿಲ್ಲ.

ಇನ್ನು ಮನೆ. ದೇಶ ಬಿಟ್ಟು ದುಡಿಯುವ ಫಿಲಿಪ್ಪಿನೋಗಳು ಸುಮಾರು ಇಪ್ಪತ್ತು ಲಕ್ಷ; ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಹಾಂಗ್‌ಕಾಂಗಿನಲ್ಲೋ ದುಬೈಯಲ್ಲೋ ಬೇರೆಯವರ ಮಗುವನ್ನು ನೋಡಿಕೊಳ್ಳುವ ತಾಯಿ ತನ್ನ ಮಗುವಿಗೆ ಶಿಲುಬೆಯ ಗುರುತು ಹಾಕಲು ಕಲಿಸುವುದು ಫೋನಿನಲ್ಲಿ. ಮನೆಯಲ್ಲಿ 'ಲೋಲಾ', ಅಂದರೆ ಅಜ್ಜಿ. ಹೊರದೇಶದ ಚರ್ಚುಗಳಲ್ಲಿ ಈ ಹೆಂಗಸರು ನಂಬಿಕೆಯನ್ನು ಹೊತ್ತು ಹಂಚಿದ್ದನ್ನು ಪೋಪ್ ಫ್ರಾನ್ಸಿಸ್ ಬಾಯ್ತುಂಬ ಹೊಗಳಿದ್ದರು. ಹೊಗಳಿಕೆ ಸರಿಯಾದದ್ದೇ. ಆದರೆ ಆ ತಾಯಂದಿರು ಊರಲ್ಲಿ ಬಿಟ್ಟುಹೋದ ಮಕ್ಕಳ ಎದುರು ನಿಲ್ಲುವ ಉಪದೇಶಿಗೆ, ತಾಯಿ ದೂರವಿರುವ ಮಗುವಿನ ಸಿಟ್ಟನ್ನೂ ಮೌನವನ್ನೂ ಗುರುತಿಸುವ ತರಬೇತಿ ಸಿಕ್ಕಿದೆಯೇ?

2021ರಲ್ಲಿ ಫಿಲಿಪ್ಪೀನ್ಸ್ ಕ್ರೈಸ್ತಧರ್ಮದ ಐನೂರು ವರ್ಷ ಆಚರಿಸಿತು. ಅದೇ ವರ್ಷ ಮೇ 10ರಂದು ಪೋಪ್ ಫ್ರಾನ್ಸಿಸ್ ಉಪದೇಶಿಯ ಕೆಲಸವನ್ನು ಸಾಮಾನ್ಯ ವಿಶ್ವಾಸಿಗಳಿಗೆ ಕೊಡುವ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. 2022ರ ಜನವರಿಯಲ್ಲಿ ವ್ಯಾಟಿಕನ್ನಿನಲ್ಲಿ ಮೊದಲ ಬಾರಿ ಆ ಸೇವೆಯನ್ನು ಪ್ರದಾನ ಮಾಡಿದರು. ಗೌರವ ಬಂತು. ಸರ್ಕಾರಕ್ಕೆ ಖರ್ಚು ಬರಬಾರದೆಂದು ಸಂವಿಧಾನ ಹೇಳಿದ ಮೇಲೆ ಖರ್ಚು ಧರ್ಮಸಭೆಯದೇ. ಸಾಕಷ್ಟು ಕಡೆ ಉಪದೇಶಿಗೆ ಸಿಗುವುದು ಜೀಪ್ನಿ ಎಂಬ ಅಲ್ಲಿನ ಬಾಡಿಗೆ ಬಂಡಿಯ ಚಾರ್ಜಿಗೆ ಸಾಕಾಗುವಷ್ಟು ಭತ್ಯೆ, ಕೆಲವೆಡೆ ಅದೂ ಇಲ್ಲ. ಚರ್ಚಿನ ಗೋಪುರಕ್ಕೆ ಬಣ್ಣ ಬಳಿಯಲು ಹಣ ಕೂಡಿಸುವ ಊರು, ಮಕ್ಕಳಿಗೆ ಕಲಿಸುವವರ ತರಬೇತಿಗೂ ಕೂಡಿಸಬಲ್ಲದು. ಕೂಡಿಸದಿರುವುದು ಬಡತನದಿಂದಲ್ಲ, ಅದನ್ನು ಮುಖ್ಯ ಎಂದು ಎಣಿಸದ್ದರಿಂದ.

ಸೆಪ್ಟೆಂಬರ್ ಅಲ್ಲಿ ಧರ್ಮೋಪದೇಶದ ತಿಂಗಳು. ಉಪದೇಶಿಗಳನ್ನು ಪೀಠದ ಮುಂದೆ ನಿಲ್ಲಿಸಿ ಆಶೀರ್ವದಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಜೊತೆಗೆ ಪ್ರತಿ ಧರ್ಮಕೇಂದ್ರದ ವಾರ್ಷಿಕ ಲೆಕ್ಕದಲ್ಲಿ ಉಪದೇಶಿಯ ತರಬೇತಿ, ಭತ್ಯೆಗೆ ಒಂದು ಖಾಯಂ ಬಾಬ್ತು ಇರಲಿ. ಮಂಗಳೂರು, ಉಡುಪಿ, ಬೆಂಗಳೂರು, ಶಿವಮೊಗ್ಗದ ಓದುಗರೇ, ಮುಂದಿನ ಭಾನುವಾರ ನಿಮ್ಮ ಮಗುವಿನ ದೊತೊರ್ನ್ ಟೀಚರ್ ಸಿಕ್ಕರೆ, ಅವರಿಗೆ ತರಬೇತಿ ಕೊಟ್ಟವರು ಯಾರು, ಅದಕ್ಕೆ ಹಣ ಕೊಟ್ಟವರು ಯಾರು ಎಂದು ದಯವಿಟ್ಟು ಕೇಳಿ ನೋಡಿ.